ಅಮೀನ

ಮಂಡಕ್ಕಿ ಭಟ್ಟಿಯ ಓಣಿಗೆ ಹೋದರೆ
ಸೆರಗೆಲ್ಲ ಮಸಿಯೆಂದು ಅತ್ತೆ ಬಯ್ಯುತ್ತಿದ್ದರು.
ಈಗ ದಾವಣಗೆರೆಯ ಆ ತುದಿಯಿಂದ ಈ ತುದಿಗೆ
ಹೊಗೆ ಹುಡುಕಿಕೊಂಡೇ ಬರುತ್ತೇನೆ, ಜೈಬುನ್.
ನಿನ್ನ ಮನೆಯ ಕೊಳವೆ ಉಸಿರಾಡಿ
ಮೂವತ್ತೊಂಬತ್ತು ದಿನವಾಯಿತು.

ತೊಟ್ಟಿಲಿಗೆಂದು ಹೊಡೆಸಿದ ಕೊಂಡಿ
ತೊಲೆಯಲ್ಲಿ ಖಾಲಿ.
ಅದರ ಕೆಳಗೇ ಮಲಗಿದ್ದೀಯ, ಗೋಡೆಗೆ ಮುಖ ಮಾಡಿ.
ಮಾತ್ರೆಯ ಹಾಳೆಯಲ್ಲಿ ಇವತ್ತಿನದು ಒಡೆದಿದೆಯೋ ಇಲ್ಲವೋ,
ಕಳ್ಳಿಯ ಹಾಗೆ ಎಣಿಸುತ್ತೇನೆ ನಾನು.

‘ಚಾಪೆ ಹಾಸ್ತೀನಿ ಹಾಲಮ್ಮ, ಕೂರ್ತೀನಿ,
ಬಾಯಿಗೆ ಒಂದು ಮಾತೂ ಬರವಲ್ದು.
ನನ್ನ ಬದ್ಲಿ ನೀ ಕೇಳು.’
ಯಾವ ಮಾತಲ್ಲಿ ಕೇಳಲೆ, ನಿಮ್ಮದು ನನಗೆ ಬರದಲ್ಲ?
ನೀನು ಆಗಲೇ ಗೋಡೆಗೆ ತಿರುಗಿದ್ದೆ.

ಆ ರಾತ್ರಿ ಲಿಂಗವನ್ನು ಎಡಗೈಲಿಟ್ಟು ಕೂತೆ.
ಮಂತ್ರ ಶುರುವಾದದ್ದು ನೆನಪಿದೆ,
ನಡುವೆ ಎಲ್ಲೋ ನಿನ್ನ ಹೆಸರಿಗೆ ಹೊರಳಿತು.
ಮದುವೆಯಾದ ಹೊಸತರಲ್ಲಿ ನೀನೇ ಹೇಳಿದ್ದು:
ಉಪ್ಪು ಕುಡಿದ ಅಕ್ಕಿ ಬಿಸಿ ಮರಳಿಗೆ ಬಿದ್ದರೆ ಅರಳುತ್ತದೆ,
ಜರಡಿಯ ತಳದಲ್ಲಿ ಕೆಲವು ಕಾಳು ಹಾಗೇ ಉಳಿಯುತ್ತವೆ.
ಅವನ್ನು ತಿರುಗಿ ಕಾಯಿಸಬಾರದು, ಕರಕಾಗುತ್ತವೆ,
ಕೋಳಿಗೆ ಚೆಲ್ಲಬೇಕು.
ದೇವರಿಗೆ ಅಷ್ಟೇ ಹೇಳಿದೆ:
ಇವಳನ್ನು ಇನ್ನೊಮ್ಮೆ ಬೆಂಕಿಗೆ ಹಾಕಬೇಡ.

ನಮ್ಮ ಮೇಲ್ಮನೆಯ ಸೆಲಿನ್ ಟೀಚರು
ಹರಿಹರಕ್ಕೆ ಹೋಗಿ, ಆರೋಗ್ಯ ಮಾತೆಯ ಮುಂದೆ
ಮೇಣದ ಬತ್ತಿ ಹಚ್ಚಿ,
ಬಸ್ ಟಿಕೆಟ್ಟಿನ ಹಿಂದೆ ನಿನ್ನ ಹೆಸರು ಬರೆದಿಟ್ಟು ಬಂದರಂತೆ.
‘ಜಬೀನಾ’ ಅಂತ ಬರೆದಿದ್ದಾರೆ.
ಮಾತೆಗೆ ಗೊತ್ತಾಗುತ್ತೆ ಬಿಡು ಅಂದೆ.

ಇವತ್ತು ನಿನ್ನ ಚಾಪೆಯ ಪಕ್ಕ ಬರಿನೆಲದಲ್ಲಿ ಕೂತು
ಎರಡೂ ಅಂಗೈ ಒಡ್ಡಿದೆ, ನೀನು ಒಡ್ಡುತ್ತಿದ್ದ ಹಾಗೆ.
ಕಲ್ಲಿನ ಭಾರವಿಲ್ಲದೆ ಎಡಗೈ ನಡುಗಿತು.
ಇಷ್ಟು ಬರಿಗೈಲಿ ಹೇಗೆ ಕೇಳುತ್ತಿದ್ದೆಯೇ, ದಿನಕ್ಕೆ ಐದು ಸಲ?
ಬಂದದ್ದನ್ನೆಲ್ಲ ಕನ್ನಡದಲ್ಲೇ ಹೇಳಿ,
ನಿನ್ನ ಹಿರಿಯರ ಬಾಯಲ್ಲಿ ಕೇಳಿದ ನೆನಪಿನಿಂದ
ಕೊನೆಗೆ ಗಟ್ಟಿಯಾಗಿ ಅಂದೆ:
ಅಮೀನ.

ಗೋಡೆಯ ಕಡೆಯಿಂದ ಒಂದು ಸದ್ದು.
ಬಿಕ್ಕುತ್ತೀಯೇನೋ ಅಂದುಕೊಂಡೆ.

‘ಅಮೀನ ಅಂದ್ರೆ ಕೋರ್ಟಿನವ ಬರ್ತಾನೆ ಕಣೆ.
ಪಾತ್ರೆ ಪಗಡ ಜಪ್ತಿ ಮಾಡ್ಕೊಂಡು ಹೋಗ್ತಾನೆ.
ಆಮೀನ್ ಅನ್ನು. ಬಾಯಿ ತೆರಿ. ಆ...’

ಆ, ಅಂದೆ,
ಡಾಕ್ಟರಿಗೆ ನಾಲಿಗೆ ತೋರಿಸುವವಳ ಹಾಗೆ.
ನೀನು ತಿದ್ದಿದೆ. ಮತ್ತೆ ತಪ್ಪಿದೆ ನಾನು,
ಎರಡನೇ ಸಲದ್ದು ಬೇಕಂತಲೇ.

ಕೊಂಡಿ ಅಲ್ಲೇ ಇದೆ. ಇವತ್ತೂ ಭಟ್ಟಿ ಹೊತ್ತಲಿಲ್ಲ.
ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ
ಒಳಗಿಂದ ನಿನ್ನ ದನಿ:
‘ಆ ಟೀಚರಿಗೆ ಹೇಳು,
ನನ್ನ ಹೆಸ್ರು ಜಬೀನಾ ಅಲ್ಲ.’