ಸೀಮೆ ನಂಬರು

ದೇರಳಕಟ್ಟೆಯಲ್ಲಿ, ಆಸ್ಪತ್ರೆಯ ಎರಡನೇ ಗೇಟಿನೆದುರು
ನನ್ನದೊಂದು ಅಂಗಡಿ: ಸಿಮ್ಮು, ಜೆರಾಕ್ಸು, ಚಾರ್ಜರಿನ ವಯರು,
ರೋಗಿಯ ಕಡೆಯವರಿಗೆ ಚಾಪೆ, ಚೊಂಬು, ಫ್ಲಾಸ್ಕು.
ಕರೆಂಟು ಹೋಗಿ, ಬಂದು, ಮತ್ತೆ ಹೋದ ಮಧ್ಯಾಹ್ನ
ಅವಳು ಬಂದಳು, ನೀಲಿ ಪಾಸ್‌ಪೋರ್ಟು ಎದೆಗೊತ್ತಿಕೊಂಡು.
"ಸೀಮು," ಅಂದಳು.
ಸಿಮ್ಮೇ? ಅಂದೆ.
ಅಲ್ಲ, ಸೀಮು. ಕೈಯ ಫೋನನ್ನೇ ಎತ್ತಿ ತೋರಿಸಿದಳು.
ಅವಳ ಭಾಷೆಯಲ್ಲಿ ಫೋನಿಗೇ ಹಾಗೆನ್ನುತ್ತಾರಂತೆ.

ನಮ್ಮಲ್ಲಿ ಹೊರಗಿನಿಂದ ಬಂದದ್ದಕ್ಕೆಲ್ಲ ಸೀಮೆ:
ಸೀಮೆಸುಣ್ಣ, ಸೀಮೆಬದನೆ, ಸೀಮೆಎಣ್ಣೆ.
ಹೆಸರಿಟ್ಟು ಒಳಗೆ ಕರೆದುಕೊಳ್ಳುವುದು ಹಿರಿಯರಿಗೆ ಸುಲಭವಿತ್ತು,
ಎಣ್ಣೆಯ ಹತ್ತಿರ ಯಾರೂ ವೀಸಾ ಕೇಳಿರಲಿಲ್ಲ.

ನನ್ನ ಟ್ಯಾಬಿನಲ್ಲಿ ಹದಿನೇಳು ಕಾಲಂ ಉಂಟು.
ಸರ್‌ನೇಮು: ಮ್ಸುಯಾ. ಉಸಿರು ಎಲ್ಲಿ ತೆಗೆಯುವುದೆಂದು
ತಿಳಿಯದೆ ಮೂರು ಸಲ ಕೇಳಿದೆ.
ಹೆಸರು ನೀಮಾ. ಊರು ಟಾಂಗಾ.
ತಂದೆ ಅಥವಾ ಗಂಡ: ಇಬ್ಬರನ್ನೂ ಹೇಳಿದಳು, ಜಾಗ ಒಬ್ಬರಿಗೇ.
ಇಲ್ಲಿನ ವಿಳಾಸ: ನಾಲ್ಕನೇ ವಾರ್ಡು, ಮಗನ ಮಂಚದ ಪಕ್ಕದ ನೆಲ.
ಆಸ್ಪತ್ರೆ ರಸ್ತೆ, ಎಂದು ಬರೆದೆ.
ಫೋಟೋಕ್ಕೆ ಕಣ್ಣು ಮಿಟುಕಿಸಬೇಕು. ಮಿಟುಕಿಸಿದಳು.
ಯಂತ್ರ ಒಪ್ಪಲಿಲ್ಲ: ಮೂರು ರಾತ್ರಿ ತೆರೆದೇ ಇದ್ದ ಕಣ್ಣು
ಮುಚ್ಚಿದರೆ ಬೇಗ ತೆರೆಯುತ್ತಿರಲಿಲ್ಲ.

ಆಮೇಲೆ ಬಂತು ಆ ಕಾಲಂ.
ನಂಬರು ಸಿಗಲು ಮೊದಲೊಂದು ನಂಬರು ಬೇಕು,
ಓಟಿಪಿ ಬರುವುದು ಅದಕ್ಕೆ.
ಈ ದೇಶದಲ್ಲಿ ನಿಮ್ಮನ್ನು ಬಲ್ಲವರು ಯಾರು?
ಅವಳು ಫ್ಯಾನಿನತ್ತ ನೋಡಿದಳು. ಅದು ನಿಂತಿತ್ತು.
"ಡಾಕ್ಟರ್." ನಂಬರು ಉಂಟಾ? ಇಲ್ಲ.
"ಸಿಸ್ಟರ್ ಲವೀನಾ." ರಾತ್ರಿ ಪಾಳಿಯವಳು, ಈಗ ಎಬ್ಬಿಸುವುದು ಹೇಗೆ.

ಜುಬೈಲಿನಲ್ಲಿ ಎರಡು ವರ್ಷ ನಾನು ಶಫೀಕುಲ್ ಆಗಿದ್ದೆ.
ಇಕಾಮಾ ಕಫೀಲನ ಡ್ರಾವರಿನಲ್ಲಿ; ಇಪ್ಪತ್ತು ರಿಯಾಲು ಹೆಚ್ಚು ಕೊಟ್ಟು
ಬಕಾಲೆಯಲ್ಲಿ ತೆಗೆದ ಸಿಮ್ಮು, ಯಾರೋ ಬಂಗಾಳಿಯ ಹೆಸರಿನದು.
ಶುಕ್ರವಾರ ಬಂದರೆ ಅವನ ತಾಯಿಯೋ ಹೆಂಡತಿಯೋ
ಫೋನು ಮಾಡಿ ಏನೋ ಕೇಳುವಳು.
ಬ್ಯಾರಿಯಲ್ಲಿ, ಹಿಂದಿಯಲ್ಲಿ, ಅರ್ಧ ಅರಬಿಯಲ್ಲಿ
ಅವನು ನಾನಲ್ಲ ಎನ್ನುತ್ತಿದ್ದೆ.
ಸ್ವಲ್ಪ ಸುಮ್ಮನಿದ್ದು ಇಡುವಳು. ಮುಂದಿನ ವಾರ ಮತ್ತೆ.
ಒಮ್ಮೆ, ಶಿಫ್ಟು ಮುಗಿಸಿ ಬಿದ್ದುಕೊಂಡಿದ್ದವನು, ಸಾಕಾಗಿ
"ಹಾಂ" ಎಂದುಬಿಟ್ಟೆ.
ಮತ್ತೆ ಅವಳ ಫೋನು ಬರಲಿಲ್ಲ.
ಯಾವ ಮಾತಿಗೆ ಹಾಂ ಎಂದೆನೋ ಇವತ್ತಿಗೂ ಗೊತ್ತಿಲ್ಲ.

ಬಲ್ಲವರು: ಕುಂಞಿಮೋನು, ಎಂದು ಬರೆದೆ. ನನ್ನದೇ ನಂಬರು ಕೊಟ್ಟೆ.
ಸಂಬಂಧ? ಪಟ್ಟಿಯಲ್ಲಿ ಮೂರೇ: ಬಂಧು, ಸ್ನೇಹಿತ, ಮಾಲೀಕ.
ಅಂಗಡಿಯವನು ಇರಲಿಲ್ಲ.
ಸ್ನೇಹಿತ ಒತ್ತಲು ಹೋದೆ, ದಪ್ಪ ಬೆರಳು, ಬಂಧು ಬಿತ್ತು.
ತಿದ್ದಲಿಲ್ಲ.

ಸಂಜೆ ಏಳಕ್ಕೆ ಕಡ್ಡಿ ಎದ್ದವು, ಒಂದು, ಎರಡು, ನಾಲ್ಕು.
ಮೊದಲ ಮೆಸೇಜು ಕನ್ನಡದಲ್ಲಿ. ಓಡಿಬಂದು ತೋರಿಸಿದಳು,
ಏನಾದರೂ ತಪ್ಪಾಯಿತೇ ಎಂಬ ಮುಖದಲ್ಲಿ.
ಸ್ವಾಗತ ಅಂತ, ಅಂದೆ. ವೆಲ್‌ಕಮ್.
ಕಬ್ಬಿನ ಜ್ಯೂಸಿನ ಮೆಷಿನಿನ ಸದ್ದಿಗೆ ಒಂದು ಕಿವಿ ಮುಚ್ಚಿ
ಟಾಂಗಾದ ಯಾರಿಗೋ ಕೂಗಿ ಕೂಗಿ ಹೇಳಿದಳು.
ನನಗೆ ತಿಳಿದದ್ದು ಒಂದೇ ಮಾತು: ದುಕಾ, ದುಕಾ,
ನನ್ನ ಅಂಗಡಿಯನ್ನು ಕೈಯಿಂದ ತೋರಿಸುತ್ತ,
ಅವರಿಗೆ ಕಾಣುತ್ತದೆಯೋ ಎಂಬಂತೆ.

ನಲವತ್ತೊಂದನೇ ದಿನ ಹೋದರು. ಹುಡುಗ ನಡೆದೇ ಹೋದ,
ಶರ್ಟಿನ ಮೇಲಿನ ಗುಂಡಿ ಬಿಚ್ಚಿ ಹೊಲಿಗೆ ತೋರಿಸಿ.
ವೀಸಾದ ಜೊತೆ ನಂಬರೂ ಮುಗಿಯಿತು.
'ಪ್ರಿಯ ನೀಮಾ, ನಿಮ್ಮ ಪ್ಯಾಕ್ ಇಂದು ಕೊನೆ' ಎಂಬುದು
ನನ್ನ ಫೋನಿನಲ್ಲಿ ಹಾಗೇ ಉಂಟು.

ವರ್ಷ ಕಳೆದು ಮೊನ್ನೆ ಕೈತಪ್ಪಿ,
ಕೈತಪ್ಪಿಯೇನಲ್ಲ, ಅದಕ್ಕೇ ಒತ್ತಿದೆ.
ರಿಂಗಾಯಿತು! ಹಿಂದೆ ದಕ್ಕೆಯ ಗಲಾಟೆ, ಏಲಂ ಕೂಗು.
"ಏರ್?" ಅಂದಳು ಒಬ್ಬಳು.
ಬಂಧು ಎನ್ನಲು ಬಾಯಿ ಬರಲಿಲ್ಲ.
"ನೀಮಾ?" ಅಂದೆ.
"ನೀಮ ಇಜ್ಜಿ. ಬೂತಾಯಿ ಉಂಡು. ಏತ್ ಬೋಡು?"