ಜಪ್ತಿ ಪಟ್ಟಿ

ಕಾಗದ ಮೂರು ದಿನ ಮೊದಲೇ ಬಂದಿತ್ತು:
'ಬರುವ ಬುಧವಾರ, ಸಂತೆ ಕೂಡಿದ ಹೊತ್ತಿಗೆ,
ಗಡಿಯಾರ ಕಂಬದ ಬಳಿ ನಾನು ಕಾಯಿದೆ ಮುರಿಯುತ್ತೇನೆ.
ತಮಗೆ ಅನುಕೂಲವಾಗಲೆಂದು ತಿಳಿಸಿದೆ. ಇಂತಿ, ಚೋಂದವ್ವ.'
ಇನ್ಸ್‌ಪೆಕ್ಟರು ಎರಡು ಸಲ ಓದಿ
ಮೂರನೆಯ ಸಲ ನನ್ನಿಂದ ಓದಿಸಿದರು.

ವಿರಾಜಪೇಟೆ ಠಾಣೆಯಲ್ಲಿ ನಾನು ರೈಟರು.
ಕಳ್ಳರು ಕಾಗದ ಹಾಕಿ ಬರುವುದಿಲ್ಲ.

ಬೆನ್ನಿಗೆ ನೆರಿಗೆ ಬಿಟ್ಟ ಖಾದಿ ಸೀರೆ,
ತಲೆಗೆ ಕಟ್ಟಿದ ವಸ್ತ್ರ, ಕೈ ಖಾಲಿ.
ಕಿತ್ತಳೆಯ ಬೆಲೆ ಕೇಳುವ ದನಿಯಲ್ಲೇ ಶುರು ಮಾಡಿದರು:
'ಈ ಯುದ್ಧಕ್ಕೆ ಆಳು ಕೊಡಬೇಡಿ, ಕಾಸು...'
ಅಷ್ಟಕ್ಕೆ ಕೆಮ್ಮು.
ಕಿತ್ತಳೆ ಮಾರುವ ಮೊಯ್ದು ಲೋಟದಲ್ಲಿ ನೀರು ಕೊಟ್ಟ.
ಪೇದೆಗಳು ಕಾದು ನಿಂತರು.
ಅರ್ಧ ವಾಕ್ಯಕ್ಕೆ ಕಾಯಿದೆ ತಗಲುವುದಿಲ್ಲ.
ಕುಡಿದು, ಬಾಯಿ ಒರೆಸಿ,
ಮತ್ತೆ ಮೊದಲಿನಿಂದ, ಪೂರ್ತಿ ಹೇಳಿದರು.

ಮಧ್ಯಾಹ್ನ ಮನೆ ಶೋಧ.
ಬಂದ ಪೇದೆಯೊಬ್ಬ ಆ ಮನೆಯ ಕಡಂಬಿಟ್ಟು ತಿಂದವನು,
ಅಂಗಳ ದಾಟಿ ಒಳಗೆ ಬರಲಿಲ್ಲ.
ಗೋಡೆಯಲ್ಲಿ ಮೂರು ಕೋವಿ.
ಒಂದರ ನಳಿಗೆಯಲ್ಲಿ ಕೈಲ್‌ಪೊಳ್ದಿನ ತೋಕ್‌ಪೂ
ಒಣಗಿ ಹುರಿಯಾಗಿ ಇನ್ನೂ ಇತ್ತು.
'ಇವನ್ನು ಬರೆಯಲೇ?' ಕೇಳಿದೆ.
'ಬೇಡ. ಈ ಸೀಮೆಯಲ್ಲಿ ಅದಕ್ಕೆ ಮಾಫಿ.'
ಕೋವಿಗೆ ರಹದಾರಿ ಬೇಡವೆಂದ ಸರಕಾರ
ಬಾಯಿಗೆ ಬೇಕೆಂದಿತ್ತು.
ಬರೆದೆ: ತಕಲಿ ಒಂದು. ನೂಲಿನ ಲಡಿ ಮೂರು.
ಕರಪತ್ರ, ಹರಿದದ್ದು, ಅರ್ಧ.
ಮಗನ ಕಾಗದಗಳು ಏಳು,
ಅಲ್ಲಲ್ಲಿ ಮಿಲಿಟರಿಯವರೇ ಮಸಿ ಬಳಿದದ್ದು.

'ಮಗ ದಂಡಿನಲ್ಲಿ, ನೀವು ಹೀಗೆ?' ಇನ್ಸ್‌ಪೆಕ್ಟರ್ ಕೇಳಿದರು.
'ಅವನಿಗೂ ಇದನ್ನೇ ಬರೆದಿದ್ದೇನೆ.
ನಿಮ್ಮವರ ಮಸಿ ತೀರಿದ್ದರೆ ಮುಟ್ಟೀತು.'

ನಾಲ್ಕು ತಿಂಗಳು. ಲಾರಿ ಮಡಿಕೇರಿ ಕಡೆ ತಿರುಗಿದಾಗ
ಚೋಂದವ್ವ ಕೂತದ್ದು ಮುಂದಿನ ಸೀಟಿನಲ್ಲಿ;
ಯಾರು ಬಿಟ್ಟುಕೊಟ್ಟರೋ, ನಾನು ಕೇಳಲಿಲ್ಲ.

ಆ ಲೋಟ ಅದು ಹೇಗೋ ಅವರ ಕೈಯಲ್ಲೇ ಠಾಣೆಗೆ ಬಂದಿತ್ತು.
ಸಂಜೆ ಮೊಯ್ದುವನ್ನು ಕರೆಸಿ, ತಗೊಂಡು ಹೋಗು ಎಂದೆ.
ಹೆಬ್ಬೆಟ್ಟು ಒತ್ತಬೇಕಾ ಎಂದು ಕೇಳಿದ.
ಬೇಡ ಎಂದೆ.
ಆಮೇಲೆ ಅವನೇ ಬೇಡವೆಂದ:
'ಅಲ್ಲೇ ಇರಲಿ. ಅಮ್ಮ ಬರುವಾಗ ತಂದುಕೊಡಲಿ.'

ಹಿತ್ತಾಳೆಯದು. ಬಾಯಂಚು ಒಂದು ಕಡೆ ನಗ್ಗಿದೆ.
ಕಪಾಟಿನ ಮೇಲೆ ಬೋರಲು ಇಟ್ಟಿದ್ದೇನೆ.
ಪಟ್ಟಿಯಲ್ಲಿ ಬರೆದಿಲ್ಲ.