ಸೆಂಟ್ ಲೆಕ್ಕ

ತೋಟದಲ್ಲಿ ನನ್ನನ್ನು ರೈಟರ್ ಅನ್ನುತ್ತಾರೆ.
ಬರೆಯುವುದು ಹಾಜರಿ, ಗೊಬ್ಬರದ ಮೂಟೆ, ಡೀಸೆಲ್,
ಕೊನೆಯ ಕಾಲಮ್ಮಿನಲ್ಲಿ ಮಳೆ.
ಮೂವತ್ತೊಂದು ವರ್ಷದಲ್ಲಿ
ನನ್ನ ಒಂದು ವಾಕ್ಯವನ್ನೂ ಯಾರೂ ಓದಿಲ್ಲ,
ಓದಿದ್ದು ಮೊತ್ತ.

ಹೋದ ವರ್ಷ ಕ್ಯೂರಿಂಗ್ ವರ್ಕ್ಸಿನ ಇರ್ಷಾದ್
ಫೋನಿಗೆ ಆ ಪುಟ್ಟ ಕಿಟಕಿ ಇಳಿಸಿಕೊಟ್ಟ.
'ಇಲ್ಲಿ ಬರೀರಿ ರೈಟರೇ, ಇನ್ನೂರ ಎಂಬತ್ತು ಅಕ್ಷರ.'
ಒತ್ತಿಗೂ ಕೊಂಬಿಗೂ ಬೇರೆ ಬೇರೆ ಕೂಲಿ ಹಿಡಿಯುತ್ತದೆ ಅದು,
ಸ್ತ್ರೀ ಎಂದರೆ ಆರು.
ನಮ್ಮ ಭಾಷೆ ಅಲ್ಲಿ ದುಂದುಗಾರ.
ಮೊದಲು ಬರೆದದ್ದು:
ಸುಂಟಿಕೊಪ್ಪ, ಹದಿನೆಂಟು ಸೆಂಟ್.
ಬರೆದು, ಹೆಂಡತಿ ನೋಡದ ಹಾಗೆ
ಫೋನು ಕವುಚಿಟ್ಟೆ.

ಬೆಳಿಗ್ಗೆ ಒಂದು ಉತ್ತರ. ಚೆಯ್ಯಂಡಾಣೆಯಿಂದ,
ರಿಟೈರಾದ ಹೆಡ್‌ಮೇಡಂ ಬೋಜಮ್ಮ:
'ನಮಗೆ ಇಲ್ಲ.'
ಅಷ್ಟೇ.
ಆ ದಿನ ಎರಡು ಸಲ ಹಾಜರಿ ತಪ್ಪು ಹಾಕಿದೆ.

ಮಾರ್ಚ್ ಬಂತೆಂದರೆ
ಆಕಾಶ ನೋಡಬೇಕಾದವರೆಲ್ಲ ಅಂಗೈ ನೋಡುತ್ತಿರುತ್ತಾರೆ.
ಪಾಲಿಬೆಟ್ಟ ಅರವತ್ತು. ಮಾದಾಪುರ ಬರೀ ಗುಡುಗು.
ಅಮ್ಮತ್ತಿ ದಾಟಿದ ಮೇಲೆ ಆನೆ ಮೂರು, ಒಂದು ಮರಿ, ಸ್ಕೂಟರಿನವರು ನಿಲ್ಲಿ.
ಯಾರದೋ ನಾಯಿ ಕಾಣೆ, ಬಲಗಿವಿ ಹರಿದಿದೆ,
ಟಾಮಿ ಅಂದರೆ ಬರುವುದಿಲ್ಲ, ಚೊಕ್ಕ ಅಂದರೆ ಬರುತ್ತದೆ.
ಒಬ್ಬ ನಡುರಾತ್ರಿ ರಾಜಕೀಯ ತಂದು ಸುರಿದು ಮಲಗುತ್ತಾನೆ,
ಬೆಳಗಿನವರೆಗೂ ಅದರ ಮೇಲೆ ಜನ ಜಾರಿ ಬೀಳುತ್ತಾರೆ.
ಮುಖದ ಜಾಗದಲ್ಲಿ ಮೊಟ್ಟೆ ಇಟ್ಟುಕೊಂಡವನೊಬ್ಬ
ಎಲ್ಲರಿಗೂ ಬೈಯುತ್ತಾನೆ.
ಸಂತೆದಿನ ನನಗೆ ಚಿಲ್ಲರೆ ಎಣಿಸಿಕೊಟ್ಟು
'ಹುಷಾರಾಗಿ ಹೋಗಿ' ಅನ್ನುವವನು ಅವನೇ ಇರಬಹುದು.

ಯಾಕಪ್ಪಾ ಬರೀತೀರಿ ಇಷ್ಟೆಲ್ಲ, ಇರ್ಷಾದನನ್ನು ಕೇಳಿದೆ.
'ಸುಮ್ಮನೆ' ಅಂದ.
ಸುಮ್ಮನೆ ಅನ್ನುವುದು
ಸುಮ್ಮನಿರಲಾರದವರ ಮಾತು.

ಈ ಸಲ ಮಾರ್ಚ್ ಇಪ್ಪತ್ತಾರು ಆದರೂ ಹನಿಯಿಲ್ಲ.
ರೋಬಸ್ಟಾ ಗಿಡದ ಗಿಣ್ಣು ಗಿಣ್ಣಿನಲ್ಲಿ
ಮೊಗ್ಗು ಹಲ್ಲು ಕಚ್ಚಿ ಕೂತಿತ್ತು.
ವಾರದಿಂದ ಎಲ್ಲರದೂ ಒಂದೇ:
ಇಲ್ಲ. ಇಲ್ಲ. ನಮಗೂ ಇಲ್ಲ.
ರಾತ್ರಿ ಎರಡಕ್ಕೆ ಎದ್ದು, ಕಣದಲ್ಲಿ ನಿಂತು,
ತಲೆಯ ಮೇಲೆ ಅಷ್ಟೂ ನಕ್ಷತ್ರ ಇಟ್ಟುಕೊಂಡು
ಬರೆದೆ:
ಸುಂಟಿಕೊಪ್ಪ, ನಲವತ್ತು ಸೆಂಟ್.

ದುಡ್ಡಿನ ಲೆಕ್ಕದಲ್ಲಿ ಒಂದು ಪೈಸೆ ಸುಳ್ಳು ಬರೆದವನಲ್ಲ ನಾನು.

ಬೆಳಗಾಗುವುದರೊಳಗೆ ನೂರಾ ಹನ್ನೆರಡು ಹೃದಯ, ಕೆಂಪಗೆ.
ಕುಶಾಲನಗರದಿಂದ ಯಾರೋ: 'ವಾಸನೆ ಇಲ್ಲಿಗೂ ಬಂತು!'
ಒಬ್ಬಾಕೆ, ಊರು ಹೇಳಿಲ್ಲ: 'ಓದಿ ನಿದ್ದೆ ಬಂತು.'
ಬೇಲಿಯಾಚೆಯ ತೋಟದ ಪೆಮ್ಮಯ್ಯ:
'ನಮಗೂ ಬಿತ್ತು. ಮೂವತ್ತೈದು.'

ಬೇಲಿಯವರೆಗೆ ನಡೆದು ಹೋದೆ.
ಆಚೆ ಕಡೆಯ ಮಣ್ಣೂ ಈಚೆ ಕಡೆಯ ಮಣ್ಣೂ
ಒಂದೇ ಬಣ್ಣದ ಧೂಳು.
ಪೆಮ್ಮಯ್ಯ ಜೀಪು ಒರೆಸುತ್ತಿದ್ದ. ಕೈ ಎತ್ತಿದ.
ನಾನೂ ಎತ್ತಿದೆ.
ಇಬ್ಬರೂ ಮಳೆಯ ವಿಷಯ ತೆಗೆಯಲಿಲ್ಲ.

ಸಂಜೆ ಬೋಜಮ್ಮ:
'ಗೇಜಿನಲ್ಲಿ ಜೇಡ ಇದೆಯಾ ನೋಡಿ, ರೈಟರೇ.'
ಇತ್ತು.
ಬಲೆಯ ಒಂದೆಳೆಯೂ ಒದ್ದೆಯಿಲ್ಲ.

ರಿಜಿಸ್ಟರಿನಲ್ಲಿ ಸೊನ್ನೆ ಬರೆದೆ, ದುಂಡಗೆ.
ಕಿಟಕಿಯಲ್ಲಿ ಬರೆದದ್ದನ್ನು ಅಳಿಸಲು ಹೆಬ್ಬೆರಳು ಇಟ್ಟೆ,
ತೆಗೆದೆ.
ನಿದ್ದೆ ಬಂದವಳು ಮತ್ತೆ ಎದ್ದರೆ?

ನಾಲ್ಕನೆಯ ರಾತ್ರಿ, ಹನ್ನೊಂದೂವರೆಗೆ,
ಇಲ್ಲಿ ಇನ್ನೂ ಎಲೆ ಅಲ್ಲಾಡದ ಹೊತ್ತಿಗೆ,
ಚೆಯ್ಯಂಡಾಣೆಯಿಂದ ಒಂದು ಪದ.
ಇಂಚಿಲ್ಲ, ಸೆಂಟಿಲ್ಲ, ಕೊನೆಗೆ ಚುಕ್ಕಿಯೂ ಇಲ್ಲ:
ಬರುತ್ತಿದೆ

ನನ್ನ ಬುದ್ಧಿ, ಎಣಿಸಿದೆ.
ಕಿಟಕಿಯ ಲೆಕ್ಕದಲ್ಲಿ ಒಂಬತ್ತು.
ಇನ್ನೂ ಇನ್ನೂರ ಎಪ್ಪತ್ತೊಂದು ಉಳಿದಿತ್ತು.
ಅವರು ಮುಟ್ಟಲಿಲ್ಲ.